ಬ್ರೇಕ್ ಒತ್ತಿದರೆ ಸ್ಟಿಯರಿಂಗ್ ನಡುಕ: ಡಿಸ್ಕ್ ಬದಲಿಸುವ ಮೊದಲು ಹುಡುಕಬೇಕಾದ ಜಾಗಗಳು

ಕೊಯಮತ್ತೂರಿನ ಟ್ರ್ಯಾಕ್‌ಗೆ ಹೋಗುವಾಗ ಕಾರು ಸರಿಯಾಗಿಯೇ ಇರುತ್ತದೆ. ವಾಪಸು ಬರುವಾಗ ಪಾಲಕ್ಕಾಡು ದಾಟಿ ಒಂದು ಉದ್ದನೆಯ ಇಳಿಜಾರಿನಲ್ಲಿ ಬ್ರೇಕ್ ಮುಟ್ಟಿದ್ದೇ ತಡ, ಸ್ಟಿಯರಿಂಗ್ ಎಡಕ್ಕೂ ಬಲಕ್ಕೂ ಕುಲುಕಲು ಶುರು. ಊರಿಗೆ ಬಂದು ಯಾರನ್ನು ಕೇಳಿದರೂ ಒಂದೇ ಉತ್ತರ: ‘ಡಿಸ್ಕ್ ಬೆಂಡ್ ಆಗಿದೆ.’ ಚಕ್ರದ ಜೊತೆ ತಿರುಗುವ, ಬ್ರೇಕ್ ಪ್ಯಾಡ್‌ಗಳು ಎರಡು ಬದಿಯಿಂದ ಒತ್ತಿ ಹಿಡಿಯುವ ಕಬ್ಬಿಣದ ತಟ್ಟೆಯೇ ಈ ಡಿಸ್ಕ್. ಸ್ಪೋರ್ಟ್ಸ್ ಕಾರಿನ ಎರಡು ಮುಂಭಾಗದ ಡಿಸ್ಕ್ ಅಂದರೆ ಸಣ್ಣ ಮೊತ್ತವಲ್ಲ. ಹೊಸತು ಹಾಕಿಸಿದ ಮೇಲೆ ನಡುಕ ಹೋಗುತ್ತದೆ, ಕೆಲವು ಸಾವಿರ ಕಿಲೋಮೀಟರ್ ಕಳೆದ ಮೇಲೆ ಮತ್ತೆ ಬರುತ್ತದೆ. ಆಗ ಡಿಸ್ಕ್ ಕಂಪನಿಗೆ ಬೈಗುಳ.

ಡಿಸ್ಕ್ ನಿಜವಾಗಿ ಬಾಗುವುದು ಅಪರೂಪ. ಹೆಚ್ಚಿನ ಸಲ ಅದರ ಮೇಲೆ ಏನೋ ಅಂಟಿರುತ್ತದೆ, ಅಥವಾ ಅದು ಕೂತ ಜಾಗ ಸರಿ ಇರುವುದಿಲ್ಲ, ಇಲ್ಲದಿದ್ದರೆ ನಾವೇ ಮಾಡಿಸಿದ ಬದಲಾವಣೆಗಳು ಮೊದಲು ಅಡಗಿದ್ದ ಸಣ್ಣ ದೋಷವನ್ನು ಕೈಗೆ ತಲುಪಿಸುತ್ತಿರುತ್ತವೆ. ಹಾಗಾಗಿ ಹುಡುಕಾಟ ಖರ್ಚಿಲ್ಲದ ಕಡೆಯಿಂದ ಶುರುವಾಗಬೇಕು. ಡಿಸ್ಕ್ ಕೊನೆಯ ಆರೋಪಿ.

ಕಾಸರಗೋಡು, ಮಂಜೇಶ್ವರ, ಬದಿಯಡ್ಕ ಕಡೆ ಈಗ ಹಳೆಯ ಪೋರ್ಷೆ ಕೇಮನ್, ಬಿಎಂಡಬ್ಲ್ಯು ಝಡ್4, ಆಡಿ ಟಿಟಿಗಳು ಆಗೊಮ್ಮೆ ಈಗೊಮ್ಮೆ ಕಾಣಸಿಗುತ್ತವೆ. ಪೋಲೋ ಜಿಟಿ, ಆಕ್ಟೇವಿಯಾ ವಿಆರ್‌ಎಸ್‌ಗಳನ್ನು ಟ್ರ್ಯಾಕ್‌ಗೆಂದು ತಯಾರು ಮಾಡಿದವರೂ ಇದ್ದಾರೆ. ವಾರವಿಡೀ ರಸ್ತೆಯಲ್ಲಿ ಓಡಿ, ವರ್ಷದಲ್ಲಿ ಬೆರಳೆಣಿಕೆಯ ದಿನ ಟ್ರ್ಯಾಕ್ ನೋಡುವ ಇಂಥ ಕಾರುಗಳಿಗಾಗಿಯೇ ಇದನ್ನು ಬರೆದದ್ದು. ಬರೀ ಟ್ರ್ಯಾಕ್‌ನ ಕಾರಿಗೆ ಈ ತೊಂದರೆ ಕಡಿಮೆ, ಬರೀ ರಸ್ತೆಯ ಕಾರಿಗೂ ಕಡಿಮೆ. ಎರಡೂ ಕೆಲಸ ಮಾಡುವ ಕಾರಿಗೇ ಜಾಸ್ತಿ.

ಯಾವ ನಡುಕ, ಯಾವಾಗ?

ಸ್ಪ್ಯಾನರ್ ಹಿಡಿಯುವ ಮೊದಲು ಕಾರನ್ನು ಒಮ್ಮೆ ಓಡಿಸಿ ಗಮನಿಸಬೇಕು. ಬ್ರೇಕ್ ಮುಟ್ಟದೆಯೇ ಗಂಟೆಗೆ 90ರಿಂದ 110 ಕಿ.ಮೀ. ನಡುವೆ ನಡುಗಿದರೆ ತಪ್ಪು ಬ್ರೇಕಿನದಲ್ಲ, ಚಕ್ರದ್ದು. ಬ್ರೇಕ್ ಒತ್ತಿದಾಗ ಮಾತ್ರ ನಡುಗಿದರೆ ಡಿಸ್ಕ್, ಹಬ್ (ಡಿಸ್ಕೂ ಚಕ್ರವೂ ಕೂರುವ ತಿರುಗುವ ನಡುಭಾಗ) ಮತ್ತು ಬುಷ್‌ಗಳ (ಸಸ್ಪೆನ್ಶನ್ ಜೋಡಣೆಯ ರಬ್ಬರ್) ಕಡೆ ನೋಡಬೇಕು. ಸ್ಟಿಯರಿಂಗ್ ಶಾಂತವಾಗಿದ್ದು ಸೀಟು ನಡುಗಿದರೆ ಹಿಂದಿನ ಡಿಸ್ಕ್‌ಗಳ ಮೇಲೆ ಅನುಮಾನ ಪಡಿ. ಕಾಲಿಗೆ ಪೆಡಲ್ ಮಿಡಿದರೆ ಡಿಸ್ಕಿನ ದಪ್ಪದಲ್ಲಿ ಏರುಪೇರು ಇದೆ ಎಂದರ್ಥ. ಕಾರು ನಿಲ್ಲುವ ಕೊನೆಯ ಗಳಿಗೆಯಲ್ಲಿ, ಹತ್ತು ಕಿ.ಮೀ. ವೇಗದ ಆಚೀಚೆ, ಪೆಡಲ್ ಗರಗರ ಅಂದರೆ ಅದು ಬೇರೆಯೇ ಕಥೆ. ಅದು ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್‌ನದು, ಕೊನೆಗೆ ಅದಕ್ಕೆ ಬರುತ್ತೇನೆ.

ಬೆಳಿಗ್ಗೆ ತಣ್ಣಗಿರುವಾಗ ನಡುಗಿ ಹತ್ತು ನಿಮಿಷದಲ್ಲಿ ಮಾಯವಾಗುವುದಾದರೆ ಅದು ಹೆಚ್ಚಾಗಿ ತುಕ್ಕು. ಬಿಸಿಯಾದ ಮೇಲೆ ಶುರುವಾದರೆ ಪ್ಯಾಡಿನ ಅಂಟು, ಅಥವಾ ಬಿಸಿಗೆ ಆಕಾರ ಬದಲಿಸುತ್ತಿರುವ ಡಿಸ್ಕ್. ಈ ಎರಡು ಪ್ರಶ್ನೆಗೆ ಉತ್ತರ ಇಲ್ಲದೆ ವರ್ಕ್‌ಶಾಪಿಗೆ ಹೋದರೆ ಅಲ್ಲಿನವರು ಊಹಿಸುತ್ತಾರೆ. ಆ ಊಹೆಗೆ ದುಡ್ಡು ಕೊಡುವುದು ನಾವು.

ನಡುಕ ಒಂದು ವೇಗದಲ್ಲಿ ಮಾತ್ರ ಜೋರಾಗುವುದಕ್ಕೂ ಕಾರಣವಿದೆ. ಟಯರಿನ ಸುತ್ತಳತೆ ಸುಮಾರು ಎರಡು ಮೀಟರ್. ಗಂಟೆಗೆ 100 ಕಿ.ಮೀ. ಅಂದರೆ ಸೆಕೆಂಡಿಗೆ 28 ಮೀಟರ್, ಚಕ್ರ ಸೆಕೆಂಡಿಗೆ ಹದಿನಾಲ್ಕು ಸುತ್ತು. ಮುಂಭಾಗದ ಸಸ್ಪೆನ್ಶನ್ ಮತ್ತು ಸ್ಟಿಯರಿಂಗ್‌ನ ಸಹಜ ಕಂಪನವೂ ಸುಮಾರಾಗಿ ಅದೇ ಲೆಕ್ಕದಲ್ಲಿದೆ. ಅವೆರಡು ಒಂದಕ್ಕೊಂದು ಕೂಡಿದಾಗ ಸಣ್ಣ ದೋಷವೂ ದೊಡ್ಡದಾಗಿ ಕಾಣುತ್ತದೆ. 60ಕ್ಕೆ ಇಳಿದರೆ ನಡುಕ ಮಾಯ. ‘ಸ್ಲೋ ಹೋದರೆ ಸರಿ ಇದೆ’ ಅಂತ ಸಮಾಧಾನ ಪಡುವ ಹಾಗಿಲ್ಲ, ದೋಷ ಅಲ್ಲೇ ಇದೆ.

ಚಕ್ರ ಮತ್ತು ನಟ್

ಬಿಗಿತ ಅಳೆದು ಬೋಲ್ಟ್ ತಿರುಗಿಸುವ ಟಾರ್ಕ್ ರೆಂಚ್ ಇಲ್ಲದವರು ಟ್ರ್ಯಾಕ್‌ಗೆ ಹೋಗಬಾರದು ಎಂಬುದು ನನ್ನ ಖಡಾಖಂಡಿತ ಅಭಿಪ್ರಾಯ. ಪಂಚರ್ ಅಂಗಡಿಯ ಗಾಳಿ ಗನ್ ಒಂದು ಬೋಲ್ಟನ್ನು ಮಿತಿ ಮೀರಿ ಬಿಗಿದು ಇನ್ನೊಂದನ್ನು ಅರ್ಧಕ್ಕೆ ಬಿಡುತ್ತದೆ. ಡಿಸ್ಕ್ ಚಕ್ರಕ್ಕೂ ಹಬ್ಬಿಗೂ ನಡುವೆ ಸಿಕ್ಕಿಕೊಂಡಿರುವ ವಸ್ತು. ಒಂದೆಡೆ ಹೆಚ್ಚು ಒತ್ತಿದರೆ ಅಷ್ಟರಮಟ್ಟಿಗೆ ಓರೆಯಾಗುತ್ತದೆ. ಬಿಸಿ ಡಿಸ್ಕಿನ ಮೇಲೆ ಹಾಗೆ ಬಿಗಿದರೆ ಇನ್ನೂ ಕೆಟ್ಟದು. ಎಷ್ಟು ನ್ಯೂಟನ್ ಮೀಟರ್ ಎಂಬುದು ಕಾರಿನ ಕೈಪಿಡಿಯಲ್ಲಿದೆ. ಒಂದು ಕಾರಿಗೆ 110 ಇದ್ದರೆ ಇನ್ನೊಂದಕ್ಕೆ 160, ಅಂದಾಜು ನಡೆಯುವುದಿಲ್ಲ. ಎದುರು ಬದುರು ಬೋಲ್ಟ್‌ಗಳನ್ನು ಎರಡು ಹಂತದಲ್ಲಿ ಬಿಗಿಯಿರಿ, ಐವತ್ತು ನೂರು ಕಿ.ಮೀ. ಓಡಿದ ಮೇಲೆ ಮತ್ತೊಮ್ಮೆ ನೋಡಿ. ಕೆಲವು ಸಲ ಬರೀ ಇಷ್ಟರಲ್ಲೇ ನಡುಕ ನಿಂತುಬಿಡುತ್ತದೆ, ನಾಲ್ಕೂ ಚಕ್ರ ಸಡಿಲಿಸಿ ಸರಿಯಾಗಿ ಬಿಗಿದಷ್ಟಕ್ಕೇ.

ಹೊರಗಿನಿಂದ ತಂದ ಅಲಾಯ್ ಹಾಕಿದ್ದರೆ ನಡುವಿನ ತೂತಿನ ಅಳತೆ ನೋಡಿ. ಪೋಲೋ, ಆಕ್ಟೇವಿಯಾ, ಟಿಟಿಗಳಲ್ಲಿ ಹಬ್ 57.1 ಮಿ.ಮೀ., ಪೋರ್ಷೆಯಲ್ಲಿ 71.6, ಝಡ್4 ಕಾಲದ ಬಿಎಂಡಬ್ಲ್ಯುಗಳಲ್ಲಿ 72.6. ಮಾರುಕಟ್ಟೆಯ ಚಕ್ರಗಳ ತೂತು ಇದಕ್ಕಿಂತ ದೊಡ್ಡದು, ನಡುವೆ ಒಂದು ಉಂಗುರ ತುಂಬಿಸಿರುತ್ತಾರೆ. ಆ ಉಂಗುರ ಪ್ಲಾಸ್ಟಿಕ್ಕಿನದಾದರೆ ಟ್ರ್ಯಾಕ್‌ನ ಬಿಸಿಗೆ ಕರಗಿ ವಿರೂಪವಾಗುತ್ತದೆ, ಚಕ್ರ ನಡುವಿನಿಂದ ಸರಿಯುತ್ತದೆ. ಅಲ್ಯೂಮಿನಿಯಂ ಉಂಗುರಕ್ಕೆ ದೊಡ್ಡ ವ್ಯತ್ಯಾಸದ ಬೆಲೆ ಏನಿಲ್ಲ.

ಟ್ರ್ಯಾಕ್‌ನಲ್ಲಿ ಬಿಸಿ ಟಯರು ಬೇರೆಯವರು ಉದುರಿಸಿದ ರಬ್ಬರ್ ಚೂರುಗಳನ್ನು ಮೆತ್ತಿಕೊಳ್ಳುತ್ತದೆ. ವಾಪಸು ದಾರಿಯಲ್ಲಿ ಕಾರು ಕುಣಿಯುವುದಕ್ಕೆ ಅದೊಂದೇ ಸಾಕು. ಹೊರಡುವ ಮೊದಲು ಟಯರಿನ ಮೇಲೆ ಕೈಯಾಡಿಸಿ, ಅಂಟಿದ್ದನ್ನು ಕೆರೆದು ತೆಗೆಯಿರಿ. ರಿಮ್ಮಿನ ಒಳಬದಿಯ ತೂಕದ ಸ್ಟಿಕರ್ ಬಿಸಿಗೆ ಬಿದ್ದುಹೋಗಿದೆಯೇ ಅಂತಲೂ ನೋಡಿ. ನಮ್ಮ ಕಡೆಯವರಿಗೆ ಇನ್ನೊಂದು ಇದೆ: ಮುರಕಲ್ಲಿನ ಅಂಗಳದ ಕೆಮ್ಮಣ್ಣು ಮಳೆಗೆ ಕೆಸರಾಗಿ ರಿಮ್ಮಿನ ಒಳಗೆ ಒಂದು ಕಡೆ ಕೂತು ಒಣಗಿದರೆ ಬ್ಯಾಲೆನ್ಸ್ ಮಾಡಿಸಿದ್ದೆಲ್ಲ ವ್ಯರ್ಥ.

ಡಿಸ್ಕಿನ ಮೇಲೆ ಅಂಟಿದ್ದು

ಪ್ಯಾಡ್ ಡಿಸ್ಕನ್ನು ಬರೀ ಉಜ್ಜುವುದಿಲ್ಲ. ಬಿಸಿಯಾದಾಗ ತನ್ನದೇ ಒಂದು ತೆಳು ಪದರವನ್ನು ಡಿಸ್ಕಿಗೆ ಹಚ್ಚುತ್ತದೆ. ಪದರ ಎಲ್ಲೆಡೆ ಸಮವಾಗಿದ್ದರೆ ಬ್ರೇಕ್ ಚೆನ್ನಾಗಿ ಹಿಡಿಯುತ್ತದೆ. ದೋಸೆ ಕಾವಲಿಗೆ ಹಿಟ್ಟು ಒಂದೆಡೆ ದಪ್ಪ ಒಂದೆಡೆ ತೆಳು ಆದ ಹಾಗೆ ಆದರೆ, ಚಕ್ರದ ಪ್ರತಿ ಸುತ್ತಿಗೂ ದಪ್ಪ ಜಾಗ ಪ್ಯಾಡಿಗೆ ತಾಗಿ ಒಮ್ಮೆ ಬಲವಾಗಿ ಹಿಡಿಯುತ್ತದೆ, ಒಮ್ಮೆ ಬಿಡುತ್ತದೆ. ಕೈಗೆ ಸಿಗುವ ನಡುಕ ಇದುವೇ. ಇದಕ್ಕೆ 0.02 ಮಿ.ಮೀ. ವ್ಯತ್ಯಾಸ ಸಾಕು. ಕಣ್ಣಿಗೆ ಅದು ಕಾಣುವುದಿಲ್ಲ.

ಇದು ಆಗುವುದು ಹೀಗೆ. ರಸ್ತೆಯ ಪ್ಯಾಡನ್ನೇ ಇಟ್ಟುಕೊಂಡು ಟ್ರ್ಯಾಕ್‌ಗೆ ಇಳಿಯುತ್ತೇವೆ. ಲೆಕ್ಕ ಹಾಕಿ ನೋಡಿ: 1,400 ಕಿಲೋ ಕಾರನ್ನು 60ರಿಂದ ಪೂರ್ತಿ ನಿಲ್ಲಿಸಿದರೆ ಬ್ರೇಕ್‌ಗಳು ನುಂಗುವ ಶಕ್ತಿ ಸುಮಾರು 0.2 ಮೆಗಾಜೂಲ್. ಟ್ರ್ಯಾಕ್‌ನಲ್ಲಿ 160ರಿಂದ 60ಕ್ಕೆ ಇಳಿಸಿದರೆ 1.2 ಮೆಗಾಜೂಲ್, ಆರು ಪಟ್ಟು. ಅದೂ ಒಂದು ಸುತ್ತಿನಲ್ಲಿ ಹಲವು ಸಲ. ಕೊಯಮತ್ತೂರು ಬಳಿ ಚೆಟ್ಟಿಪಾಳಯದ ಕರಿ ಮೋಟಾರ್ ಸ್ಪೀಡ್‌ವೇ ಒಂದು ಸುತ್ತಿಗೆ 2.1 ಕಿ.ಮೀ. ಮಾತ್ರ, ಒಂದು ತಿರುವಿನಿಂದ ಮುಂದಿನದಕ್ಕೆ ಹೋಗುವಷ್ಟರಲ್ಲಿ ಡಿಸ್ಕ್ ತಣಿಯುವುದಿಲ್ಲ. ಚೆನ್ನೈ ಬಳಿಯ ಇರುಂಗಾಟ್ಟುಕೋಟ್ಟೈ ಟ್ರ್ಯಾಕ್ 3.7 ಕಿ.ಮೀ. ಇದೆ, ಉಸಿರಾಡಲು ಸ್ವಲ್ಪ ಸಮಯ ಸಿಗುತ್ತದೆ. ಆದರೆ ಅಲ್ಲಿ ವೇಗವೂ ಹೆಚ್ಚು. ರಸ್ತೆಯ ಪ್ಯಾಡ್ ಈ ಬಿಸಿಗೆ ಮೆತ್ತಗಾಗಿ ಡಿಸ್ಕಿನ ಮೇಲೆ ಕಲೆಕಲೆಯಾಗಿ ಮೆತ್ತಿಕೊಳ್ಳುತ್ತದೆ.

ಆಮೇಲೆ ಬರುವುದು ಎಲ್ಲಕ್ಕಿಂತ ದೊಡ್ಡ ಅಪರಾಧ. ಕೊನೆಯ ಸುತ್ತು ಮುಗಿಸಿ ಕೆಂಪೇರಿದ ಬ್ರೇಕಿನೊಂದಿಗೆ ಪಿಟ್‌ಗೆ ಬಂದು ಪೆಡಲ್ ಒತ್ತಿಕೊಂಡೇ ನಿಲ್ಲುವುದು, ಇಲ್ಲದಿದ್ದರೆ ಹ್ಯಾಂಡ್‌ಬ್ರೇಕ್ ಎಳೆಯುವುದು. ಪ್ಯಾಡಿನ ಆಕಾರವೇ ಡಿಸ್ಕಿನ ಮೇಲೆ ಅಚ್ಚೊತ್ತುತ್ತದೆ. ಕೊನೆಯ ಒಂದೆರಡು ಸುತ್ತು ಬ್ರೇಕ್ ಅಷ್ಟಾಗಿ ಮುಟ್ಟದೆ ಓಡಿಸಿ ತಣಿಸಿಕೊಳ್ಳಿ, ನಿಂತ ಮೇಲೆ ಗೇರ್‌ನಲ್ಲಿ ಬಿಟ್ಟು ಚಕ್ರಕ್ಕೆ ಮರದ ತುಂಡು ಕೊಡಿ, ಐದು ನಿಮಿಷ ಬಿಟ್ಟು ಕಾರನ್ನು ಒಂದಡಿ ಮುಂದಕ್ಕೆ ತಳ್ಳಿ. ಸಂಜೆ ಟೋಲ್ ಗೇಟಿನ ಸಾಲಿನಲ್ಲಿ ಒತ್ತಿ ನಿಲ್ಲುವುದರಿಂದಲೂ ಇದೇ ಆಗಬಹುದು. ಮುಂದಿನ ಗಾಡಿಗೂ ನಿಮಗೂ ನಡುವೆ ಸ್ವಲ್ಪ ಜಾಗ ಇಟ್ಟುಕೊಂಡು ತೆವಳುತ್ತಾ ಹೋಗಿ.

ಅಂಟಿದ್ದು ಹೌದೋ ಅಲ್ಲವೋ ಹೇಗೆ ತಿಳಿಯುವುದು? ಚಕ್ರ ಬಿಚ್ಚಿ ಡಿಸ್ಕಿನ ಮೇಲೆ ಓರೆಯಾಗಿ ಟಾರ್ಚ್ ಹಿಡಿಯಿರಿ. ಬೂದು ನೀಲಿ ತೇಪೆಗಳು, ಪ್ಯಾಡಿನ ಅಂಚಿನ ಗೆರೆ ಕಂಡರೆ ಅದು ಅಂಟೇ. ಎಮರಿ ಪೇಪರಿನಿಂದ ವೃತ್ತಾಕಾರದಲ್ಲಿ ಉಜ್ಜಿ, ಬ್ರೇಕ್ ಕ್ಲೀನರ್‌ನಿಂದ ಒರೆಸಿ, ಪ್ಯಾಡಿನ ಮುಖವನ್ನೂ ಸಮತಟ್ಟು ಕಲ್ಲಿನ ಮೇಲೆ ಕಾಗದ ಇಟ್ಟು ತಿಕ್ಕಿ. ಮುಖಕ್ಕೆ ಮಾಸ್ಕ್ ಇರಲಿ, ಆ ಧೂಳು ಒಳ್ಳೆಯದಲ್ಲ. ಬಳಿಕ ಹೊಸ ಪ್ಯಾಡಿಗೆ ಮಾಡುವಂತೆ ಪಳಗಿಸಬೇಕು: 80ರಿಂದ 20ಕ್ಕೆ ಎಂಟು ಹತ್ತು ಸಲ ಗಟ್ಟಿಯಾಗಿ, ಆದರೆ ಎಲ್ಲೂ ಪೂರ್ತಿ ನಿಲ್ಲಿಸದೆ, ಆಮೇಲೆ ಬ್ರೇಕ್ ಮುಟ್ಟದೆ ಹತ್ತು ನಿಮಿಷ ತಣಿಯುವವರೆಗೆ ಓಟ. ತಲಪಾಡಿ ಚೆಂಗಳ ನಡುವಿನ ಆರು ಪಥದಲ್ಲಿ ಬೆಳಗಿನ ಜಾವ ಇದು ಸಾಧ್ಯ. ಹಿಂದೆ ಮೀನಿನ ಲಾರಿ ಬರುತ್ತಿದ್ದರೆ ಬೇಡ, ಅದರ ಚಾಲಕನಿಗೆ ನಿಮ್ಮ ಪ್ಯಾಡಿನ ಚಿಂತೆ ಇಲ್ಲ. ಟ್ರ್ಯಾಕ್ ಪ್ಯಾಡಾದರೆ ಟ್ರ್ಯಾಕ್‌ನ ಮೊದಲ ಸುತ್ತುಗಳಲ್ಲಿಯೇ ಪಳಗಿಸುವುದು ವಾಸಿ, ರಸ್ತೆಯಲ್ಲಿ ಅದಕ್ಕೆ ಬೇಕಾದ ಬಿಸಿ ಬರುವುದೇ ಇಲ್ಲ.

ಉಜ್ಜಿದರೂ ಅದೇ ಜಾಗದಲ್ಲಿ ಮತ್ತೆ ಕಲೆ ಎದ್ದು ನಡುಕ ಮರಳಿದರೆ ವಿಷಯ ಒಳಗೆ ಇಳಿದಿದೆ. ಅಂಟಿದ ಜಾಗ ಉಳಿದ ಡಿಸ್ಕಿಗಿಂತ ಹೆಚ್ಚು ಬಿಸಿಯಾಗುತ್ತದೆ. 650 ಡಿಗ್ರಿಯ ಮೇಲಕ್ಕೆ ಹೋದಂತೆ ಅಲ್ಲಿನ ಎರಕದ ಕಬ್ಬಿಣ ಸಿಮೆಂಟೈಟ್ ಎಂಬ ಗಡಸು ರೂಪಕ್ಕೆ ತಿರುಗುತ್ತದೆ. ಆ ಚುಕ್ಕೆ ಸುತ್ತಲಿನದಕ್ಕಿಂತ ನಿಧಾನವಾಗಿ ಸವೆಯುತ್ತದೆ, ಹಾಗಾಗಿ ದಿನ ಕಳೆದಂತೆ ಗುಡ್ಡೆಯಾಗಿ ಉಳಿಯುತ್ತದೆ. ಲೇತ್‌ನಲ್ಲಿ ಮೇಲ್ಪದರ ಕಡಿದರೂ ಬೇರು ಒಳಗೇ ಇರುತ್ತದೆ. ಇಂಥ ಡಿಸ್ಕ್‌ಗೆ ನಾನು ಬದಲಾವಣೆಯ ತೀರ್ಪು ಕೊಡುತ್ತೇನೆ.

ಮಳೆಗಾಲದ ಅಚ್ಚು

ಟ್ರ್ಯಾಕ್ ಮುಖವನ್ನೇ ನೋಡದ ಕಾರಿಗೂ ನಮ್ಮ ಜಿಲ್ಲೆಯಲ್ಲಿ ಈ ನಡುಕ ಬರುತ್ತದೆ. ವರ್ಷಕ್ಕೆ ಸುಮಾರು 3,500 ಮಿ.ಮೀ. ಮಳೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ, ಮೇಲಿಂದ ಕಡಲಿನ ಉಪ್ಪು ಗಾಳಿ. ವಾರದ ಕಾರನ್ನು ಬಿಟ್ಟು ಪ್ರೀತಿಯ ಕಾರನ್ನು ಶೆಡ್ಡಿನಲ್ಲಿ ಕಟ್ಟಿಹಾಕುತ್ತೇವೆ. ತೊಳೆದು, ಒದ್ದೆ ಬ್ರೇಕ್‌ನೊಂದಿಗೆ. ಪ್ಯಾಡ್ ಕೂತಲ್ಲಿ ನೀರು ಉಳಿದು, ಪ್ಯಾಡಿನಲ್ಲಿರುವ ಲೋಹದ ಪುಡಿಯೂ ಸೇರಿ ಡಿಸ್ಕ್ ತುಕ್ಕು ಹಿಡಿಯುತ್ತದೆ. ಹೊರಗಿನ ತುಕ್ಕು ಎರಡು ಸಲ ಬ್ರೇಕ್ ಒತ್ತಿದರೆ ಹೋಗುತ್ತದೆ. ಪ್ಯಾಡಿನ ಅಡಿಯದು ಗುಂಡಿ ತೋಡಿರುತ್ತದೆ. ಗುಂಡಿ ಆಳವಿಲ್ಲದಿದ್ದರೆ ಕೆಲವು ದಿನದ ಓಟಕ್ಕೆ ಸರಿಹೋಗುತ್ತದೆ, ಆಳವಾಗಿದ್ದರೆ ಲೇತ್‌ಗೆ ಹೋಗಬೇಕು.

ತೊಳೆದ ಮೇಲೆ ಬದಿಯಡ್ಕದ ತನಕವೋ ಕುಂಬಳೆಯ ತನಕವೋ ಓಡಿಸಿ ಬ್ರೇಕ್ ಒಣಗಿಸಿ ನಿಲ್ಲಿಸಿ. ನಿಲ್ಲಿಸುವಾಗ ಹ್ಯಾಂಡ್‌ಬ್ರೇಕ್ ಬೇಡ. ವಾರಕ್ಕೊಮ್ಮೆ ಕಾರನ್ನು ಕಾಲು ಸುತ್ತು ಸರಿಸಿ. ಮಳೆಗಾಲಕ್ಕೆ ಟ್ರ್ಯಾಕ್ ಪ್ಯಾಡ್ ಬಿಚ್ಚಿಟ್ಟರಂತೂ ಉತ್ತಮ, ಹೆಚ್ಚು ಲೋಹ ಇರುವ ಪ್ಯಾಡ್‌ಗಳೇ ಬೇಗ ಅಂಟಿಕೊಳ್ಳುವುದು.

ಅಳತೆ

ಇಲ್ಲಿವರೆಗೆ ಸಿಗದಿದ್ದರೆ ಡಯಲ್ ಗೇಜ್ ತರಿಸಿ, ತಿರುಗುವ ಡಿಸ್ಕಿನ ಸಣ್ಣ ಓಲಾಟವನ್ನು ಮುಳ್ಳಿನಲ್ಲಿ ತೋರಿಸುವ ಉಪಕರಣ ಅದು. ಆಯಸ್ಕಾಂತದ ಸ್ಟ್ಯಾಂಡ್ ಸಹಿತ ಸಾಧಾರಣವಾದದ್ದು ಸಾಕು, ಊರಿನ ಲೇತ್ ಅಂಗಡಿಯಲ್ಲಿ ಎರವಲು ಸಿಗಬಹುದು. ಜೊತೆಗೆ ದಪ್ಪ ಅಳೆಯಲು ಒಂದು ಮೈಕ್ರೋಮೀಟರ್.

ಕಾರನ್ನು ಜಾಕ್ ಮೇಲೆ ಬಿಟ್ಟು ಕೈಹಾಕಬೇಡಿ, ಸ್ಟ್ಯಾಂಡ್ ಕೊಡಿ. ಚಕ್ರ ತೆಗೆದ ಮೇಲೆ ಡಿಸ್ಕ್ ಒಂದು ಸಣ್ಣ ಸ್ಕ್ರೂವಿನಲ್ಲಿ ನೇತಾಡುತ್ತಿರುತ್ತದೆ. ಅದನ್ನು ಹಾಗೆಯೇ ಅಳೆದರೆ ಏನೇನೋ ಅಂಕಿ ಬರುತ್ತದೆ. ಚಕ್ರದ ಬೋಲ್ಟ್‌ಗಳಿಗೆ ದಪ್ಪ ವಾಷರ್ ಹಾಕಿ ಡಿಸ್ಕನ್ನು ಹಬ್ಬಿಗೆ ಬಿಗಿದು, ಹೊರ ಅಂಚಿನಿಂದ ಹತ್ತು ಹದಿನೈದು ಮಿ.ಮೀ. ಒಳಗೆ ಗೇಜಿನ ಮೊನೆ ತಾಗಿಸಿ ನಿಧಾನಕ್ಕೆ ತಿರುಗಿಸಿ. ಓಲಾಟ 0.05 ಮಿ.ಮೀ. ಒಳಗಿದ್ದರೆ ನೆಮ್ಮದಿ. ಹೆಚ್ಚು ಬಂದರೆ ಅತಿ ಎತ್ತರದ ಜಾಗಕ್ಕೆ ಡಿಸ್ಕಿನಲ್ಲೂ ಹಬ್ಬಿನಲ್ಲೂ ಸೀಮೆಸುಣ್ಣದ ಗುರುತು ಹಾಕಿ.

ಈಗ ಡಿಸ್ಕ್ ಬಿಚ್ಚಿ, ಒಂದು ತೂತು ಮುಂದಕ್ಕೆ ತಿರುಗಿಸಿ ಮತ್ತೆ ಬಿಗಿದು ಅಳೆಯಿರಿ. (ಸ್ಕ್ರೂವಿನ ತೂತು ಹೊಂದದಿದ್ದರೆ ಚಿಂತೆ ಇಲ್ಲ, ಅಳೆಯುವ ಹೊತ್ತಿಗೆ ಅದು ಬೇಡ.) ಎತ್ತರದ ಜಾಗ ಡಿಸ್ಕಿನ ಗುರುತಿನ ಜೊತೆ ಸರಿದರೆ ತಪ್ಪು ಡಿಸ್ಕಿನದು. ಹಬ್ಬಿನ ಗುರುತಿನ ಬಳಿಯೇ ಉಳಿದರೆ ತಪ್ಪು ಹಬ್ಬಿನದು. ಇಡೀ ಹುಡುಕಾಟದಲ್ಲಿ ನಾನು ತುಂಬ ಮೆಚ್ಚುವ ಪರೀಕ್ಷೆ ಇದು. ಅರ್ಧ ಗಂಟೆಯ ಕೆಲಸ, ಹೆಚ್ಚಿನವರು ಮಾಡುವುದಿಲ್ಲ.

ಮುಳ್ಳೇರಿಯ ಕಡೆಯ ಒಬ್ಬರು ಹಳೆಯ ಜರ್ಮನ್ ಕೂಪೆಗೆ ಡಿಸ್ಕ್ ಬದಲಿಸಿದ್ದರು, ಮತ್ತೆ ನಡುಕ ಬಂದಿತ್ತು. ಕಡಿಸೋಣ ಎಂದು ಡಿಸ್ಕ್‌ಗಳನ್ನು ಹೊತ್ತು ಲೇತ್ ಅಂಗಡಿಗೆ ಹೋದರು.

‘ಎಷ್ಟು ಕಡಿಯಬೇಕಾದೀತು ಆಚಾರ್ರೇ?’

ಆಚಾರಿ ಎರಡನ್ನೂ ಲೇತ್‌ಗೆ ಕೂರಿಸಿ ಗೇಜ್ ಹಿಡಿದು ತಿರುಗಿಸಿದರು. ಮುಳ್ಳು ಅಲುಗಲೇ ಇಲ್ಲ ಅನ್ನಬೇಕು.

‘ಇದಕ್ಕೆ ಎಂತ ಆಗಿದೆ ಮಾರಾಯ? ಇದು ಕೂರುವ ಜಾಗ ನೋಡಿದ್ದೀಯಾ? ಹಬ್ ನೀನು ಇಲ್ಲಿಗೆ ತರಲಿಲ್ಲವಲ್ಲ.’

ಕಡಿಯದೆ ವಾಪಸು ಕಳಿಸಿದರು. ಹಬ್ಬಿನ ಮುಖ ನೋಡಿದರೆ ಬೋಲ್ಟ್ ತೂತಿನ ಪಕ್ಕ ತುಕ್ಕಿನ ಹಕ್ಕಳೆ. ವೈರ್ ಬ್ರಷ್ ಹಾಕಿ ಲೋಹ ಹೊಳೆಯುವ ತನಕ ಉಜ್ಜಿದ ಮೇಲೆ ಓಲಾಟ ಅರ್ಧಕ್ಕಿಂತ ಕೆಳಗೆ ಇಳಿಯಿತು. ಹಬ್ಬಿನ ತ್ರಿಜ್ಯ 70 ಮಿ.ಮೀ. ಇದ್ದರೆ ಡಿಸ್ಕಿನ ಅಂಚು 150ರ ಆಚೆ. ಹಬ್ಬಿನಲ್ಲಿ ಕೂದಲೆಳೆಯಷ್ಟು ಓರೆ ಇದ್ದರೂ ಅಂಚಿಗೆ ಬರುವಾಗ ದುಪ್ಪಟ್ಟು ದಾಟುತ್ತದೆ.

ಹೊಸ ಡಿಸ್ಕ್ ಕೆಲವು ಸಾವಿರ ಕಿ.ಮೀ. ಸುಮ್ಮನಿದ್ದು ಆಮೇಲೆ ನಡುಗುವುದು ಇದೇ ಕಾರಣಕ್ಕೆ. ಓರೆಯಾಗಿ ಕೂತ ಡಿಸ್ಕಿನ ದಪ್ಪ ಮೊದಲಿಗೆ ಸಮವೇ, ಆದ್ದರಿಂದ ನಡುಕ ಇಲ್ಲ. ಆದರೆ ಬ್ರೇಕ್ ಒತ್ತದಾಗಲೂ ಓರೆ ಜಾಗ ಪ್ರತಿ ಸುತ್ತಿಗೆ ಪ್ಯಾಡನ್ನು ಸವರಿಕೊಂಡು ಹೋಗುತ್ತದೆ. ದಿನಾ ಅದೇ ಜಾಗ ಸವೆದು ಸವೆದು ದಪ್ಪ ಏರುಪೇರಾಗುತ್ತದೆ. ಅಂದರೆ ಹಳೆ ದೋಷವೇ ಹೊಸ ಡಿಸ್ಕನ್ನೂ ತಿಂದಿತು.

ದಪ್ಪವನ್ನು ಮೈಕ್ರೋಮೀಟರಿನಿಂದ ಎಂಟು ಕಡೆ ಅಳೆದು ಬರೆದುಕೊಳ್ಳಿ. ಕನಿಷ್ಠ ದಪ್ಪ ಎಷ್ಟು ಎಂಬುದು ಡಿಸ್ಕಿನ ಮೇಲೆಯೇ ಅಚ್ಚಾಗಿರುತ್ತದೆ, ಕಡಿದ ಮೇಲೂ ಅದಕ್ಕಿಂತ ಮೇಲಿರಬೇಕು. ತೂತು ಕೊರೆದ ಡಿಸ್ಕ್‌ಗಳಲ್ಲಿ ತೂತಿನಿಂದ ತೂತಿಗೆ ಬಿರುಕು ಹಬ್ಬಿದ್ದರೆ, ಅಥವಾ ಯಾವ ಡಿಸ್ಕಿನಲ್ಲಾದರೂ ಬಿರುಕು ಅಂಚನ್ನು ಮುಟ್ಟಿದ್ದರೆ ಅಳತೆಯ ಅಗತ್ಯವೇ ಇಲ್ಲ, ಗುಜರಿಗೆ ಹಾಕಿ. ಮೇಲ್ಮೈಯ ಜೇಡರ ಬಲೆಯಂಥ ಸಣ್ಣ ಗೆರೆಗಳಿಗೆ ಹೆದರಬೇಕಿಲ್ಲ. ಟ್ರ್ಯಾಕ್‌ಗೆ ಹೋಗುವವರಿಗೆ ತೂತಿನ ಡಿಸ್ಕ್ ನಾನು ಹೇಳುವುದಿಲ್ಲ, ಗೀರು ಕೊರೆದದ್ದು ಅಥವಾ ಸಾದಾ ಡಿಸ್ಕ್ ಸಾಕು.

ಕ್ಯಾಲಿಪರ್

ಎಡ ಬಲ ಚಕ್ರಗಳ ಬಿಸಿಯಲ್ಲಿ ದೊಡ್ಡ ಅಂತರ ಇದ್ದರೆ ಒಂದು ಕ್ಯಾಲಿಪರ್ (ಪ್ಯಾಡ್‌ಗಳನ್ನು ಡಿಸ್ಕಿಗೆ ಒತ್ತುವ ಇಕ್ಕಳ) ಹಿಡಿದುಕೊಂಡಿದೆ ಅಥವಾ ಇನ್ನೊಂದು ಕೆಲಸ ಮಾಡುತ್ತಿಲ್ಲ. ಇನ್‌ಫ್ರಾರೆಡ್ ಗನ್ನನ್ನು ಹೊಳೆಯುವ ಡಿಸ್ಕಿನ ಮುಖಕ್ಕೆ ಹಿಡಿದರೆ ನಿಜಕ್ಕಿಂತ ಕಡಿಮೆ ತೋರಿಸುತ್ತದೆ, ತುಕ್ಕು ಹಿಡಿದ ಅಂಚಿಗೆ ಅಥವಾ ಪ್ಯಾಡಿನ ಹಿಂಬದಿಯ ತಗಡಿಗೆ ಹಿಡಿಯಿರಿ. ಟ್ರ್ಯಾಕ್‌ನಲ್ಲಿ ಅತಿ ಹೆಚ್ಚು ಎಷ್ಟು ಏರಿತು ಎಂದು ತಿಳಿಯಲು ಡಿಸ್ಕಿನ ಅಂಚಿಗೆ ಹಚ್ಚುವ ತಾಪಮಾನದ ಬಣ್ಣ ಸಿಗುತ್ತದೆ: ಹಸಿರು 430 ಡಿಗ್ರಿಗೆ, ಕಿತ್ತಳೆ 560ಕ್ಕೆ, ಕೆಂಪು 610ಕ್ಕೆ ಬಣ್ಣ ಬದಲಿಸುತ್ತವೆ. ಕೆಂಪೂ ಬದಲಾಗಿದ್ದರೆ ಪ್ಯಾಡ್ ಬದಲಿಸುವುದಕ್ಕಿಂತ ಮೊದಲು ಬ್ರೇಕಿಗೆ ಗಾಳಿ ಹಾಯಿಸುವ ಪೈಪಿನ ಬಗ್ಗೆ ಯೋಚಿಸಿ.

ಜಾರುವ ಪಿನ್‌ನ ಕ್ಯಾಲಿಪರಾದರೆ ಪಿನ್ ಕೈಯಲ್ಲೇ ಸರಾಗ ಜಾರಬೇಕು. ಒಳ ಪ್ಯಾಡ್ ಸವೆದು ಹೊರ ಪ್ಯಾಡ್ ಹೊಸದರಂತಿದ್ದರೆ ಪಿನ್ ಹಿಡಿದಿದೆ ಎಂದೇ ಲೆಕ್ಕ. ದೊಡ್ಡ ಬ್ರೇಕ್ ಕಿಟ್ ಹಾಕಿಸಿದ್ದಲ್ಲಿ ಬ್ರಾಕೆಟ್ ಡಿಸ್ಕಿಗೆ ನೇರವಾಗಿದೆಯೇ ನೋಡಿ, ಪ್ಯಾಡ್ ಓರೆಯಾಗಿ ಸವೆದಿದ್ದರೆ ಇಲ್ಲ.

ಕಾರು ಗಟ್ಟಿಯಾಯಿತು, ನಡುಕ ಎದ್ದು ಕಂಡಿತು

ಮೂಲ ಕಾರಿನ ಸಸ್ಪೆನ್ಶನ್ನಿನ ಕೆಳ ತೋಳಿನಲ್ಲಿರುವ ಮೆತ್ತನೆಯ ರಬ್ಬರ್ ಬುಷ್ ಇಂಥ ಸಣ್ಣ ಕಂಪನವನ್ನು ನುಂಗಲೆಂದೇ ಇರುವುದು. ಅದನ್ನು ಕಿತ್ತು ಪಾಲಿಯುರೆಥೇನ್ ಅಥವಾ ಲೋಹದ ಗೋಲಿ ಜೋಡಣೆ ಹಾಕಿಸಿದರೆ ತಿರುವಿನಲ್ಲಿ ಕಾರು ಚೂಪಾಗುತ್ತದೆ ನಿಜ, ಆದರೆ ಮೊದಲು ಗೊತ್ತೇ ಆಗದಿದ್ದ 0.02 ಮಿ.ಮೀ. ಈಗ ನೇರ ಸ್ಟಿಯರಿಂಗ್‌ಗೆ ಬರುತ್ತದೆ. ‘ಬುಷ್ ಹಾಕಿಸಿದ ಮೇಲೆ ಡಿಸ್ಕ್ ಹಾಳಾಯಿತು’ ಎನ್ನುವವರ ಡಿಸ್ಕ್ ಮೊದಲೇ ಹಾಗೆಯೇ ಇತ್ತು. ದಿನಾ ಓಡುವ ಕಾರಿಗೆ ಹೊಸ ರಬ್ಬರ್ ಬುಷ್ ಹಾಕಿ ಆ ದುಡ್ಡನ್ನು ಟಯರಿಗೆ ಸುರಿಯಿರಿ ಎಂದೇ ನನ್ನ ಸಲಹೆ. ಒಪ್ಪದವರು ಬಹಳ ಇದ್ದಾರೆ.

ತದ್ವಿರುದ್ಧವೂ ಆಗುತ್ತದೆ. ಹರಿದ ಹಳೆ ಬುಷ್, ಸಡಿಲ ಬಾಲ್ ಜಾಯಿಂಟ್, ಟೈ ರಾಡ್ ತುದಿಯ ಆಟ, ಇವು ನಡುಕವನ್ನು ಹುಟ್ಟಿಸುವುದಿಲ್ಲ, ಬೆಳೆಸುತ್ತವೆ. ಕಾರು ಸ್ಟ್ಯಾಂಡ್ ಮೇಲಿರುವಾಗ ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ, ಆಮೇಲೆ ಎಡಬಲ ಹಿಡಿದು ಅಲ್ಲಾಡಿಸಿ. ಮೇಲೆ ಕೆಳಗೆ ಆಟ ಇದ್ದರೆ ಬೇರಿಂಗ್ ಅಥವಾ ಬಾಲ್ ಜಾಯಿಂಟ್, ಎಡಬಲ ಮಾತ್ರ ಇದ್ದರೆ ಟೈ ರಾಡ್. ಬುಷ್‌ಗೆ ಸರಳು ಕೊಟ್ಟು ಮೀಟಿ ನೋಡಬೇಕು, ಕಣ್ಣಿನ ನೋಟಕ್ಕೆ ಬಿರುಕು ಕಾಣುವುದಿಲ್ಲ. ನಮ್ಮ ಒಳರಸ್ತೆಗಳ ಹೊಂಡ, ಕಾರನ್ನು ತಗ್ಗಿಸಲು ಹಾಕಿದ ಕಾಯಿಲೋವರ್ ಸ್ಪ್ರಿಂಗ್, ತೆಳು ಟಯರು ಒಟ್ಟು ಸೇರಿದರೆ ಬುಷ್‌ಗಳ ಆಯಸ್ಸು ಅರ್ಧ.

ಪೆಡಲ್ ಕೆಳಗೆ ಹೋದರೆ

ನಡುಕದ ಜೊತೆ ಇದನ್ನೂ ಗೊಂದಲ ಮಾಡಿಕೊಳ್ಳುತ್ತಾರೆ, ಹಾಗಾಗಿ ಬೇರ್ಪಡಿಸಬೇಕು. ಪೆಡಲ್ ಗಟ್ಟಿ ಇದೆ, ಕಾರು ನಿಲ್ಲುತ್ತಿಲ್ಲ: ಪ್ಯಾಡ್ ಮಿತಿ ಮೀರಿ ಕಾದಿದೆ. ಪೆಡಲ್ ಮೆತ್ತಗಾಗಿ ಕೆಳಗೆ ಹೋಗುತ್ತಿದೆ: ಬ್ರೇಕ್ ಆಯಿಲ್ ಕುದಿದು ಆವಿಯಾಗಿದೆ ಅಥವಾ ಗಾಳಿ ಸೇರಿದೆ. ಮೊದಲ ಒತ್ತಿಗೆ ಉದ್ದ ಹೋಗಿ ಎರಡನೆಯದಕ್ಕೆ ಗಟ್ಟಿಯಾಗುತ್ತದೆ: ಓಲಾಡುವ ಡಿಸ್ಕ್ ಅಥವಾ ಸಡಿಲ ಬೇರಿಂಗ್ ಪಿಸ್ಟನ್ನನ್ನು ಹಿಂದಕ್ಕೆ ತಳ್ಳುತ್ತಿದೆ. ಈ ಮೂರನೆಯದು ನಡುಕದ ಸ್ವಂತ ತಮ್ಮ, ಡಯಲ್ ಗೇಜ್ ಇದಕ್ಕೂ ಉತ್ತರ ಹೇಳುತ್ತದೆ.

ಆಯಿಲ್ ವಿಷಯದಲ್ಲಿ ಕರಾವಳಿಯವರು ಮಲೆಯಾಚೆಯವರಿಗಿಂತ ಹೆಚ್ಚು ಜಾಗ್ರತೆ ಮಾಡಬೇಕು. ಡಾಟ್ 4 ದರ್ಜೆಯ ಆಯಿಲ್ ಹೊಸದಿರುವಾಗ ಕನಿಷ್ಠ 230 ಡಿಗ್ರಿಯವರೆಗೆ ಕುದಿಯಬಾರದು, 3.7 ಶೇಕಡಾ ನೀರು ಹೀರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಡಾಟ್ 5.1ಕ್ಕೆ ಇವು 260 ಮತ್ತು 180. ರೇಸಿಂಗ್ ಆಯಿಲ್‌ಗಳು ಹೊಸದರಲ್ಲಿ 300 ದಾಟುತ್ತವೆ, ಆದರೆ ಅವನ್ನು ಬೇಗ ಬೇಗ ಬದಲಿಸಬೇಕು. ನಮ್ಮ ಗಾಳಿಯಲ್ಲಿ ತೇವಕ್ಕೆ ಬರವಿಲ್ಲ. ಅರ್ಧ ಉಳಿದ ಡಬ್ಬಿಯನ್ನು ಮಳೆಗಾಲ ಪೂರ್ತಿ ಶೆಡ್ಡಿನಲ್ಲಿಟ್ಟು ನವೆಂಬರಿನಲ್ಲಿ ಟ್ರ್ಯಾಕ್‌ಗೆ ಮುಂಚೆ ಸುರಿಯುವುದು ಉಳಿತಾಯವಲ್ಲ. ಹೆಸರು ಹತ್ತಿರವಿದೆ ಎಂದು ಸಿಲಿಕೋನಿನ ಡಾಟ್ 5 ಬೆರೆಸಬಾರದು.

ನಿಲ್ಲುವ ಗಳಿಗೆಯ ಗರಗರ

ಸಿಗ್ನಲ್ ಬಳಿ ಮೆಲ್ಲಗೆ ನಿಲ್ಲಿಸುವಾಗ ಪೆಡಲ್ ಗರಗರ ಅಂದು ಎಬಿಎಸ್ ಎದ್ದರೆ ಡಿಸ್ಕ್ ಬಿಟ್ಟು ಚಕ್ರದ ವೇಗದ ಸೆನ್ಸರ್ ನೋಡಿ. ಈಗಿನ ಬಹಳಷ್ಟು ಕಾರುಗಳಲ್ಲಿ ಸೆನ್ಸರ್ ಓದುವ ಆಯಸ್ಕಾಂತದ ಉಂಗುರ ಬೇರಿಂಗಿನ ಮೈಗೇ ಇರುತ್ತದೆ. ತುಕ್ಕು ಹಿಡಿದರೆ, ಬ್ರೇಕಿನ ಕಬ್ಬಿಣದ ಪುಡಿ ಮೆತ್ತಿದರೆ, ಟ್ರ್ಯಾಕ್‌ನ ಬಿಸಿಗೆ ಬೇರಿಂಗ್ ಸಡಿಲಾದರೆ ನಿಧಾನ ವೇಗದಲ್ಲಿ ಒಂದು ಚಕ್ರದ ಲೆಕ್ಕ ತಪ್ಪುತ್ತದೆ. ಕಂಪ್ಯೂಟರ್ ಆ ಚಕ್ರ ಜಾರುತ್ತಿದೆ ಎಂದು ತಿಳಿದು ಬ್ರೇಕ್ ಬಿಡುತ್ತದೆ. ಎಚ್ಚರಿಕೆ ದೀಪ ಉರಿಯಲೇಬೇಕೆಂದಿಲ್ಲ. ಸ್ಕ್ಯಾನರ್ ಹಾಕಿ ನಾಲ್ಕೂ ಚಕ್ರಗಳ ವೇಗ ಒಟ್ಟಿಗೆ ನೋಡುತ್ತಾ ಖಾಲಿ ಮೈದಾನದಲ್ಲಿ ಮೆಲ್ಲನೆ ನಿಲ್ಲಿಸಿದರೆ ಯಾವ ಚಕ್ರ ಮೊದಲು ಸೊನ್ನೆಗೆ ಬೀಳುತ್ತದೆ ಎಂದು ಕಾಣುತ್ತದೆ.

ಇಲಾಖೆಯ ಮಾತೂ ಒಂದು ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ತಯಾರಕರ ವಿನ್ಯಾಸದಿಂದ ದೂರ ಹೋಗುವ ಬದಲಾವಣೆಯನ್ನು ಒಪ್ಪುವುದಿಲ್ಲ. 182ಎ ಪ್ರಕಾರ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಆರು ತಿಂಗಳ ತನಕ ಸೆರೆಯೂ ಆಗಬಹುದು. ಕಾಸರಗೋಡಿನ ಕೆಎಲ್ 14 ನಂಬರಿನವರಿಗೆ ಇದು ಬರೀ ಪುಸ್ತಕದ ಮಾತಲ್ಲ. ಪ್ಯಾಡ್ ಮತ್ತು ಬ್ರೇಕ್ ಆಯಿಲ್ ಸವೆಯುವ ವಸ್ತುಗಳಾದ್ದರಿಂದ ತಲೆಬಿಸಿ ಕಡಿಮೆ, ದೊಡ್ಡ ಚಕ್ರ ಮತ್ತು ಸೈಲೆನ್ಸರ್ ಹಾಗಲ್ಲ. ಸಾಮಾನ್ಯ ವಿಮೆಯಲ್ಲಿ ರೇಸ್ ಮತ್ತು ವೇಗದ ಪರೀಕ್ಷೆಗೆ ರಕ್ಷಣೆ ಇಲ್ಲ ಎಂಬುದನ್ನೂ ಹೊರಡುವ ಮೊದಲೇ ಓದಿಕೊಳ್ಳಿ.

ಎಲ್ಲ ಜೋಡಿಸಿದ ಮೇಲೆ ಕಾರು ಸ್ಟಾರ್ಟ್ ಮಾಡುವ ಮೊದಲು ಪೆಡಲನ್ನು ಗಟ್ಟಿಯಾಗುವ ತನಕ ಒತ್ತಿ. ಹಿಂದಕ್ಕೆ ತಳ್ಳಿದ ಪಿಸ್ಟನ್ ಮರಳಿ ಬಂದಿರುವುದಿಲ್ಲ, ಮೊದಲ ಸಲ ಒತ್ತಿದಾಗ ಬ್ರೇಕ್ ಇರುವುದೇ ಇಲ್ಲ. ಅಂಗಳದಲ್ಲಿ ನಡೆಯುವ ವೇಗದಲ್ಲಿ ಒಮ್ಮೆ, ಊರ ರಸ್ತೆಯಲ್ಲಿ 40ರಲ್ಲಿ ಒಮ್ಮೆ, ಆಮೇಲೆ ಹೆದ್ದಾರಿ. ಪ್ರತಿ ಡಿಸ್ಕಿನ ಓಲಾಟ, ಎಂಟು ಕಡೆಯ ದಪ್ಪ, ಆ ದಿನದ ಕಿಲೋಮೀಟರ್ ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು ಕಾರಿನ ಕೈಪಿಡಿಯೊಳಗೆ ಇಡಿ. ಮುಂದಿನ ಟ್ರ್ಯಾಕ್ ದಿನದ ನಂತರ ಮತ್ತೆ ಅಳೆದಾಗ ಯಾವ ಅಂಕಿ ಸರಿದಿದೆಯೋ ಹುಡುಕಾಟ ಅಲ್ಲಿಂದ ಶುರು ಮಾಡಬಹುದು.